ಸುಳ್ಳು ಸೂರಿನ ಅಂಚುತುಂಡು: ಒಂದು ಮೀಮಾಂಸೆ

ಟ್ಯೂಬ್‌ಲೈಟಿಗೂ ಕಾಂಕ್ರೀಟ್ ತಾರಸಿಗೂ ನಡುವಿನ ತತ್ತ್ವವನ್ನು ಪಾಮರರು ಫಾಲ್ಸ್ ಸೀಲಿಂಗ್ ಎನ್ನುತ್ತಾರೆ. ಧ್ವನಿಯ ಬಗ್ಗೆ ಅಷ್ಟೆಲ್ಲ ಬರೆದ ನಮ್ಮ ಆಲಂಕಾರಿಕರು ಧ್ವನಿಯನ್ನು ನುಂಗುವ ಹಲಗೆಯ ಬಗ್ಗೆ ಚಕಾರವೆತ್ತಿಲ್ಲ. ಆನಂದವರ್ಧನನ ‘ಧ್ವನ್ಯಾಲೋಕ’ದಲ್ಲಿ ಮಿನರಲ್ ಫೈಬರ್ ಟೈಲಿನ ಪ್ರಸ್ತಾಪವೇ ಇಲ್ಲ. ಈ ಕೊರತೆ ನೀಗಲೆಂದು, ನಮ್ಮ ಕನ್ನಡ ವಿಭಾಗದ ಕೋಣೆಗೆ ಸೀಲಿಂಗ್ ಹಾಕಿದ ನಾಲ್ಕು ದಿನವೂ ಏಣಿಯ ಬುಡದಲ್ಲಿ ಕುರ್ಚಿ ಹಾಕಿ ಕೂತು ಮಾಡಿದ ಕ್ಷೇತ್ರಕಾರ್ಯದ ಫಲ ಇದು.

ಈ ಶಾಸ್ತ್ರದ ಆದ್ಯ ಭಾಷ್ಯಕಾರ ಹಾರ್ವರ್ಡ್‌ನ ವಾಲೇಸ್ ಸಬೈನ್. ಅಲ್ಲಿನ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಕೋಣೆಯಲ್ಲಿ ಆಡಿದ ಮಾತು ಐದಾರು ಸೆಕೆಂಡು ಸಾಯುತ್ತಲೇ ಇರಲಿಲ್ಲ. 1895ರಲ್ಲಿ ಇದರ ಪರಿಹಾರಕ್ಕಿಳಿದ ಸಬೈನ್, ಸ್ಯಾಂಡರ್ಸ್ ಥಿಯೇಟರಿನ ಕುರ್ಚಿದಿಂಬುಗಳನ್ನು ರಾತ್ರಿ ಹೊತ್ತು ತಂದು ಹರಡಿ, ಆರ್ಗನ್ ಕೊಳವೆ ನುಡಿಸಿ, ಸದ್ದು ಅಡಗುವ ಹೊತ್ತನ್ನು ಅಳೆದ. ಇದನ್ನು ದಿಂಬುಯುಗ ಎಂದು ಕರೆಯಲು ನನ್ನ ಅಭ್ಯಂತರವಿಲ್ಲ. ತೆರೆದ ಕಿಟಕಿಯೇ ಅವನ ಮಾನದಂಡ: ಅದರಾಚೆ ಹೋದ ಶಬ್ದ ಮರಳಿ ಬಾರದು. ನಮ್ಮ ಕೊನೆಯ ಬೆಂಚಿನವರು ಈ ಸಿದ್ಧಾಂತವನ್ನು ಸ್ವತಂತ್ರವಾಗಿಯೇ ಕಂಡುಕೊಂಡಿದ್ದು, ನನ್ನ ಹಳಗನ್ನಡದ ಪಾಠ ವರ್ಷಗಳಿಂದ ಆ ದಾರಿಯಲ್ಲೇ ಹೊರಹೋಗುತ್ತಿದೆ.

ಕಿಟಕಿ ಹಾಕಿಕೊಂಡವರಿಗೆ ಟೈಲು. ಅದರ ಸಣ್ಣ ರಂಧ್ರಗಳೊಳಗೆ ನುಗ್ಗಿದ ಸದ್ದು ತಿಕ್ಕಾಡಿ ತಿಕ್ಕಾಡಿ ಕೊನೆಗೆ ಶಾಖವಾಗುತ್ತದೆ. ಆ ಶಾಖದಲ್ಲಿ ವಿಭಾಗದ ಕಾಫಿ ಒಂದು ದಿನವೂ ಬೆಚ್ಚಗಾಗಲಿಲ್ಲವೆಂಬುದನ್ನು ದಾಖಲಿಸುತ್ತೇನೆ.

ಇನ್ನು ಮುಖ್ಯ ಪ್ರಮೇಯ.

“ಯಾವ ಗೋಡೆಯಿಂದ ಶುರು, ಮೇಸ್ತ್ರಿಗಳೇ?”

“ಗೋಡೆಯಿಂದ ಅಲ್ಲ ಸಾರ್. ಗೋಡೆ ಯಾವಾಗ್ಲೂ ಸೊಟ್ಟಾನೇ.”

ಉಪನಿಷತ್ತಿನಲ್ಲಿದ್ದರೆ ಇದಕ್ಕೆ ಮೂರು ಮತದವರೂ ಭಾಷ್ಯ ಬರೆಯುತ್ತಿದ್ದರು. ನಮ್ಮ ಕೋಣೆಯ ಅಗಲ 4000 ಮಿ.ಮೀ., ಟೈಲು ಕೂರುವ ಟೀ ಪಟ್ಟಿಗಳ ಜಾಲದಲ್ಲಿ ಒಂದು ಮನೆಯ ಅಳತೆ 600. ಮೂಲೆವಾದಿಗಳು ಒಂದು ಗೋಡೆಯಿಂದ ಆರು ಇಡಿ ಟೈಲು ಹಾಕಿಕೊಂಡು ಬಂದು, ಎದುರು ಗೋಡೆಗೆ 400ರ ತುಂಡು ತುರುಕುತ್ತಾರೆ. ಒಂದು ಕಡೆ ಮೀಸೆ ಬೋಳಿಸಿದಂತೆ ಕಾಣುತ್ತದೆ. ರೇಖಾಮಧ್ಯವಾದಿಗಳು ಕೋಣೆಯ ನಟ್ಟನಡುವೆ ಟೀ ಪಟ್ಟಿ ಹಾಯಿಸುತ್ತಾರೆ. ಎರಡೂ ಅಂಚಿಗೆ ತಲಾ 200, ಪಂಚೆಯ ಅಂಚಿನಷ್ಟು. ಹಲಗೆಮಧ್ಯವಾದಿಗಳು ನಡುವಿಗೆ ಪಟ್ಟಿಯ ಬದಲು ಟೈಲನ್ನೇ ತರುತ್ತಾರೆ: ಐದು ಇಡಿ, ಎರಡು ಬದಿಗೂ 500. ಎರಡೂ ಬದಿ ಸಮವಾಗಿಟ್ಟು, ಅಂಚುತುಂಡು ಅರ್ಧಕ್ಕಿಂತ ಕಿರಿದಾಗಬಾರದೆಂಬ ವಿಧಿಯನ್ನೂ ಪಾಲಿಸುವವರು ಇವರೊಬ್ಬರೇ. ನಮ್ಮ ಮೇಸ್ತ್ರಿ ಈ ಮತದವರು.

600ರ ಮನೆಗೆ ಬರುವ ಟೈಲು ನಿಜಕ್ಕೂ 595. ಉಳಿದ 5 ಮಿ.ಮೀ.ಯನ್ನು ವಿದ್ವಾಂಸರು ಶೂನ್ಯವೆಂದಾರು. ಮೇಸ್ತ್ರಿ “ಕೈ ಆಡೋಕೆ” ಎಂದರು. ಅಂಚುತುಂಡಿಗೂ ಅದೇ ಲೆಕ್ಕ: 500ಕ್ಕೆ 495. ಗೋಡೆ ಸೊಟ್ಟವಾದ್ದರಿಂದ ಪ್ರತಿ ತುಂಡಿಗೂ ಎರಡೂ ತುದಿಯಲ್ಲಿ ಅಳತೆ ಬೇರೆ ಬೇರೆ. ಬಿಳಿ ಮುಖ ಮೇಲೆ ಮಾಡಿ, ಉಕ್ಕಿನ ಪಟ್ಟಿ ಒತ್ತಿ ಹಿಡಿದು, ಹೊಸ ಬ್ಲೇಡಿನಿಂದ ಒಂದೇ ಎಳೆತ. ಮೊಂಡು ಬ್ಲೇಡಾದರೆ ಅಂಚು ಹಳೆಯ ರಸ್ಕಿನ ಹಾಗೆ ಉದುರುತ್ತದೆ. ಆಮೇಲೆ ತುಂಡನ್ನು ಓರೆ ಮಾಡಿ ಮನೆಯೊಳಗೆ ತೂರಿಸಿ, ಮೇಲೆ ಮಟ್ಟ ಮಾಡಿ, ಟೀ ಪಟ್ಟಿಯ ಮೇಲೆ ಮೆಲ್ಲನೆ ಇಳಿಸಬೇಕು. ಬೆರಳಚ್ಚು ಬಿದ್ದರೆ ಸುಲಭಕ್ಕೆ ಹೋಗುವುದಿಲ್ಲ. ಈಗ ನಮ್ಮ ಸೀಲಿಂಗಿನಲ್ಲಿ ಹನ್ನೊಂದು ಬೆರಳಚ್ಚುಗಳಿದ್ದು, ಅವುಗಳಲ್ಲಿ ಎರಡು ಸಂಶೋಧಕನವು.

ಮೂರನೇ ದಿನ ದುರಂತ. ಲೈಟಿಗೆಂದು 150ರ ದುಂಡು ತೂತು ಕೊರೆದದ್ದು ಲೈಟಿಲ್ಲದ ಮನೆಯ ಟೈಲಿಗೆ. ಅಳತೆ ಹೇಳಿದವನು ನಾನೇ; ಅದು ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ. ರೇಖಾಮಧ್ಯವಾದಿಯಾಗಿದ್ದರೆ ತೂತಿನ ಆಚೀಚೆ 195ರ ಎರಡು ತುಂಡು ಸಲೀಸಾಗಿ ಸಿಗುತ್ತಿದ್ದವು. 495ಕ್ಕೆ ಎಲ್ಲಿಂದ ಕೊಯ್ದರೂ ತೂತು ಜೊತೆಗೇ ಬರುತ್ತದೆ. ಬೇರೆ ಟೈಲು ಉಳಿದಿರಲಿಲ್ಲ. “ಯಾರೂ ತಲೆ ಎತ್ತಿ ನೋಡಲ್ಲ ಬಿಡಿ ಸಾರ್” ಎಂದು ಮೇಸ್ತ್ರಿ ಅದನ್ನು ನನ್ನ ಕುರ್ಚಿಯ ಮೇಲಿನ ಮನೆಗೇ ಕೂರಿಸಿದರು.

ಆ ತೂತಿನಲ್ಲೀಗ ಒಂದು ಹಲ್ಲಿ ವಾಸವಾಗಿದೆ. ಈ ಪ್ರಬಂಧವನ್ನು ವಿಭಾಗದಲ್ಲಿ ಓದುತ್ತಿದ್ದಾಗ, ಅಳತೆ ತಪ್ಪಿದ್ದು ಮೇಸ್ತ್ರಿಯದು ಎಂಬ ನನ್ನ ಮೊದಲ ಕರಡಿನ ವಾಕ್ಯ ಬಂತು. ಹಲ್ಲಿ ಗಪ್‌ಚಿಪ್. ತಿದ್ದಿ, “ಅಳತೆ ಹೇಳಿದವನು ನಾನೇ” ಎಂದೆ. ಲೊಚ್ ಲೊಚ್ ಎಂದಿತು. ಸಭೆಯಲ್ಲಿದ್ದ ಹಿರಿಯರೆಲ್ಲ ಮೇಜು ಕುಟ್ಟಿ “ಕೃಷ್ಣ ಕೃಷ್ಣ” ಎಂದರು.