ಬಚ್ಚಲಲ್ಲೊಂದು ನೀಹಾರಿಕೆ

ಭಾನುವಾರ ಬೆಳಗ್ಗೆ ಬಚ್ಚಲಲ್ಲಿ ಕೆಂಪು ಬಲ್ಬು ಹಾಕಿಕೊಂಡು ಗಾಜಿಗೆ ಮುತ್ತಿಡುವ ಗಂಡಸನ್ನು ಏನೆನ್ನಬೇಕು? ಹಳೆಯ ಖಗೋಳ ಫೋಟೋ ಪ್ಲೇಟುಗಳ ಹುಚ್ಚು ಹತ್ತಿದವರ ಪಾಡು ಇದು. ಜೆಲಾಟಿನ್ ಲೇಪ ಯಾವ ಮಗ್ಗುಲಿಗಿದೆ ಎಂದು ತಿಳಿಯಲು ಪ್ಲೇಟಿನ ಮೂಲೆಯನ್ನು ಒದ್ದೆ ತುಟಿಗೆ ತಾಗಿಸಬೇಕು. ಅಂಟಿದರೆ ಅದೇ ಲೇಪದ ಮುಖ. ನಮ್ಮಾಕೆಗೆ ಈ ವಿವರಣೆ ಪೂರ್ತಿ ಒಪ್ಪಿಗೆಯಾದಂತಿಲ್ಲ.

ನನ್ನಲ್ಲಿರುವುದು ಕೊಡಾಕಿನ 103ಎ-ಒ, ಗಡುವು ಮುಗಿದು ದಶಕಗಳಾದ ಸರಕು. ಅದು ನೀಲಿ-ನೇರಳೆಗೆ ಮಿಡಿಯುವ ಜಾತಿ, ಹಾಗಾಗಿ ಕೆಂಪು ದೀಪ ನಡೆಯುತ್ತದೆ. ಎಲ್ಲ ಬಣ್ಣಕ್ಕೂ ಮಿಡಿಯುವ ಪ್ಯಾಂಕ್ರೊಮ್ಯಾಟಿಕ್ ಆದರೆ ಗವ್ವೆನ್ನುವ ಕತ್ತಲೇ ಗತಿ. ಚಿತ್ರ ಮೂಡಿಸುವ ಡಿ-19 ಡೆವಲಪರು 20 ಡಿಗ್ರಿಯಲ್ಲಿರಬೇಕಂತೆ. ಬೆಂಗಳೂರಿನ ಏಪ್ರಿಲ್ಲಿನಲ್ಲಿ! ಫ್ರಿಜ್ಜಿನ ಐಸೆಲ್ಲ ನನ್ನ ಟ್ರೇ ಸುತ್ತ ಸೇರಿ, ಮನೆಗೆ ಬಂದ ನೆಂಟರು ಬೆಚ್ಚಗಿನ ಪಾನಕ ಕುಡಿದರು. ಅಷ್ಟರಲ್ಲಿ ಬಾಗಿಲು ಬಡಿತ: “ಅಪ್ಪಾ, ಅರ್ಜೆಂಟು!” ವಿಜ್ಞಾನಕ್ಕೂ ದೇಹಧರ್ಮಕ್ಕೂ ಜಗಳ ಬಂದರೆ ಗೆಲ್ಲುವವರು ಯಾರೆಂದು ಹೇಳಬೇಕಿಲ್ಲ.

ಕೊನೆಗೆ ಮೂಡಿದ್ದು ಬರೀ ಬೂದು ಮಬ್ಬು. ನಾನು ನೀಹಾರಿಕೆ ಎಂದೆ. ಮಗಳು ಬಚ್ಚಲ ಹಬೆ ಎಂದಳು. ಕೊಡೈಕೆನಾಲ್ ವೀಕ್ಷಣಾಲಯದವರು 1904ರಿಂದ ದಶಕಗಳ ಕಾಲ ಸೂರ್ಯನನ್ನು ಇಂಥ ಗಾಜಿನ ಮೇಲೆ ಚೊಕ್ಕವಾಗಿ ಹಿಡಿದಿಟ್ಟರು ನಿಜ. ಆದರೆ ಅವರ ಡಾರ್ಕ್‌ರೂಮಿನಲ್ಲಿ ಯಾರೂ ಸ್ನಾನ ಮಾಡುತ್ತಿರಲಿಲ್ಲ.