ಮ್ಯಾಕರೋನಿ ತರಕಾರಿತ್ವ ನಿರ್ಣಯ

ತರಕಾರಿ ಎಂದರೇನು? ಸಸ್ಯಶಾಸ್ತ್ರ ಇದಕ್ಕೆ ಉತ್ತರ ಹೇಳಲು ಹೋಗಿ ಬೇರು, ಕಾಂಡ, ಎಲೆಗಳ ನಡುವೆ ದಾರಿ ತಪ್ಪಿತು. ವೈದ್ಯಶಾಸ್ತ್ರ ‘ಹೆಚ್ಚು ತಿನ್ನಿ’ ಎಂದಷ್ಟೇ ಹೇಳಿ ಜಾರಿಕೊಂಡಿತು. ಇಂಥ ಗಹನ ಪ್ರಶ್ನೆಯನ್ನು ಸದ್ದಿಲ್ಲದೆ ಬಗೆಹರಿಸಿದವರು ಅಮೆರಿಕದ ದಕ್ಷಿಣ ರಾಜ್ಯಗಳ ‘ಮೀಟ್ ಅಂಡ್ ತ್ರೀ’ ಹೋಟೆಲಿನವರು. ಹೆಸರೇ ಒಂದು ಸೂತ್ರ: ಮಾಂಸ ಒಂದು, ತರಕಾರಿ ಮೂರು. ಇದರ ಭಾಷ್ಯವಾಗಿ ಮುಸುಕಿನ ಜೋಳದ ಬ್ರೆಡ್ಡು, ಲೋಟದ ತುಂಬ ಸಕ್ಕರೆ ಸುರಿದ ತಣ್ಣನೆಯ ಟೀ. ಟೆನೆಸಿ ರಾಜ್ಯದ ನ್ಯಾಶ್‌ವಿಲ್ ಈ ಸಂಪ್ರದಾಯದ ಪೀಠ. ಅಲ್ಲಿ 1982ರಲ್ಲಿ ಶುರುವಾದ ಆರ್ನಲ್ಡ್ಸ್ ಕಂಟ್ರಿ ಕಿಚನ್‌ಗೆ 2009ರಲ್ಲಿ ಜೇಮ್ಸ್ ಬಿಯರ್ಡ್ ಪ್ರತಿಷ್ಠಾನದ ಗೌರವವೂ ಸಂದಿದೆ, ಆದ್ದರಿಂದ ನಾವು ಚರ್ಚಿಸಲಿರುವುದು ಬೀದಿಬದಿಯ ಮಾತಲ್ಲ, ಪ್ರಶಸ್ತಿಪುರಸ್ಕೃತ ಮತ. ಇಂಥ ಹೋಟೆಲುಗಳ ಪಟ್ಟಿಯಲ್ಲಿ ‘ತರಕಾರಿ’ ಎಂಬ ತಲೆಬರಹದ ಕೆಳಗೆ ಟರ್ನಿಪ್ ಸೊಪ್ಪು, ಹುರುಳಿಕಾಯಿ, ಕರಿದ ಬೆಂಡೆಕಾಯಿ, ಅಲಸಂದೆ ಕಾಳುಗಳ ಸಾಲಿನಲ್ಲಿ ಯಾವ ಸಂಕೋಚವೂ ಇಲ್ಲದೆ ಕುಳಿತಿರುತ್ತದೆ, ಮ್ಯಾಕರೋನಿ ಅಂಡ್ ಚೀಸ್. ಗೋಧಿ ಹಿಟ್ಟಿನ ಕೊಳವೆ, ಹಾಲಿನ ಗಿಣ್ಣು, ಮೇಲೆ ಬೆಣ್ಣೆ. ಇದು ತರಕಾರಿಯೇ ಹೌದು ಎಂದು ಸಾಧಿಸುವುದು ಈ ಪ್ರಬಂಧದ ಉದ್ದೇಶ.

ಮೊದಲು ಪ್ರತ್ಯಕ್ಷ ಪ್ರಮಾಣ. ಕೌಂಟರಿನ ಗಾಜಿನ ಹಿಂದೆ ಆವಿಯಾಡುವ ಸ್ಟೀಲ್ ತಟ್ಟೆಗಳು ಸಾಲಾಗಿರುತ್ತವೆ. ಮ್ಯಾಕರೋನಿ ತಟ್ಟೆಯ ನಾಲ್ಕು ಮೂಲೆಗಳಲ್ಲಿ ಗಿಣ್ಣು ಸೀದು ಕಂದು ಹಕ್ಕಳೆ ಕಟ್ಟಿರುತ್ತದೆ. ನಡುಭಾಗ ಮೆತ್ತಗೆ, ಹಳದಿಯಾಗಿ ನಡುಗುತ್ತಿರುತ್ತದೆ. ದೊಡ್ಡ ಚಮಚ ಒಳಗಿಳಿದಾಗ ಹಕ್ಕಳೆ ಚಟ್ಟೆಂದು ಒಡೆಯುತ್ತದೆ, ಎತ್ತಿದಾಗ ಗಿಣ್ಣಿನ ಎಳೆ ತಟ್ಟೆಯಿಂದ ತಟ್ಟೆಗೆ ತೂಗುಸೇತುವೆಯಂತೆ ಜೋಲುತ್ತದೆ. ಬಡಿಸುವಾಕೆ ಗಿರಾಕಿಯನ್ನು ‘ಹನಿ’ ಎಂದು ಕರೆದು, ಯಾವ ತರಕಾರಿ ಬೇಕೆಂದು ಕೇಳುತ್ತಾಳೆ. ಗಿರಾಕಿ ಗಂಭೀರವಾಗಿ ‘ಮ್ಯಾಕರೋನಿ’ ಎನ್ನುತ್ತಾನೆ. ಆಕೆ ನಗುವುದಿಲ್ಲ, ಅವನೂ ನಗುವುದಿಲ್ಲ, ಹಿಂದೆ ನಿಂತವನು ಗೊಣಗಿದರೆ ಅದು ಮೂಲೆಯ ಹಕ್ಕಳೆ ಮುಗಿದುಹೋಯಿತಲ್ಲ ಎಂಬ ಸಂಕಟಕ್ಕೆ. ಸುಳ್ಳೊಂದನ್ನು ದಿನವೂ ಹಾಡುಹಗಲೇ ಆಡಿ ಯಾರೂ ನಗದೆ ಉಳಿದರೆ ಅದು ಸುಳ್ಳಲ್ಲ, ರೂಢಿ. ಶಬ್ದದ ವ್ಯುತ್ಪತ್ತಿಗಿಂತ ರೂಢಿಯೇ ಬಲವೆಂದು ನಮ್ಮ ಶಾಸ್ತ್ರಕಾರರು ಎಂದೋ ತೀರ್ಮಾನಿಸಿದ್ದಾರೆ. ಕೆಸರಿನಲ್ಲಿ ಹುಟ್ಟಿದ ಮಾತ್ರಕ್ಕೆ ಕಪ್ಪೆಯನ್ನು ಯಾರೂ ಪಂಕಜ ಎನ್ನುವುದಿಲ್ಲ. ಹಾಗೆಯೇ ಗಿಡದಲ್ಲಿ ಬೆಳೆಯಲಿಲ್ಲ ಎಂಬ ಕ್ಷುಲ್ಲಕ ಕಾರಣಕ್ಕೆ ಮ್ಯಾಕರೋನಿಯನ್ನು ಪಂಕ್ತಿಯಿಂದ ಎಬ್ಬಿಸಲಾಗದು.

ಇಲ್ಲಿ ಸಸ್ಯಶಾಸ್ತ್ರಿಗಳು ಪೂರ್ವಪಕ್ಷ ಹೂಡುತ್ತಾರೆ: ವಸ್ತುವಿನ ಗುಣ ಬಿಟ್ಟು ಹೆಸರಿನ ಬೆನ್ನು ಹತ್ತುವುದು ಸರಿಯೇ? ಅವರಿಗೆ ಆಪ್ತವಾಕ್ಯವೇ ಉತ್ತರ. 1883ರ ಅಮೆರಿಕದ ಸುಂಕ ಕಾಯಿದೆ ತರಕಾರಿಗೆ ಸುಂಕ ಹಾಕಿತ್ತು, ಹಣ್ಣಿಗೆ ಹಾಕಿರಲಿಲ್ಲ. ಟೊಮೆಟೊ ಆಮದು ಮಾಡುತ್ತಿದ್ದ ನಿಕ್ಸ್ ಕುಟುಂಬ, ಸಸ್ಯಶಾಸ್ತ್ರದ ಪ್ರಕಾರ ಇದು ಹಣ್ಣು, ಸುಂಕ ವಾಪಸು ಕೊಡಿ ಎಂದು ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿ ಹೆಡನ್ ಮೇಲೆ ದಾವೆ ಹೂಡಿತು. 1893ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ತೀರ್ಪಿತ್ತಿತು: ಸಸ್ಯಶಾಸ್ತ್ರ ಏನಾದರೂ ಹೇಳಲಿ, ಟೊಮೆಟೊವನ್ನು ಜನ ಮುಖ್ಯ ಊಟದ ಜೊತೆ ತಿನ್ನುತ್ತಾರೆಯೇ ಹೊರತು ಊಟವಾದ ಮೇಲೆ ಸಿಹಿಯಾಗಿ ಅಲ್ಲ, ಆದ್ದರಿಂದ ಅದು ತರಕಾರಿ. ಇದರ ಅಂತರಾರ್ಥ ಗಮನಿಸಬೇಕು. ತರಕಾರಿ ಎಂಬುದು ಪದಾರ್ಥವಲ್ಲ, ಪದವಿ. ಮಾಂಸದ ಮಗ್ಗುಲಿನಲ್ಲಿ, ಸಿಹಿಗೆ ಮೊದಲು, ತಟ್ಟೆಯ ಮೇಲೆ ಯಾರಿಗೆ ಜಾಗ ಸಿಕ್ಕಿತೋ ಅವರೇ ತರಕಾರಿ. ಕುರ್ಚಿಯಲ್ಲಿ ಕುಳಿತವನೇ ಸಾಹೇಬ ಎಂಬ ಆಡಳಿತಶಾಸ್ತ್ರದ ತತ್ತ್ವವೇ ಇಲ್ಲಿಯೂ ನಡೆದಿದೆ.

ಇತಿಹಾಸದ ಸಾಕ್ಷಿ ಇನ್ನೂ ಪ್ರಬಲ. 1802ರ ಫೆಬ್ರುವರಿಯಲ್ಲಿ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರ ಔತಣದಲ್ಲಿ ಮ್ಯಾಕರೋನಿ ಕಡುಬೊಂದನ್ನು ಬಡಿಸಲಾಯಿತು. ಅತಿಥಿಯಾಗಿದ್ದ ಸಂಸತ್ ಸದಸ್ಯ ಮನಾಸ್ಸೆ ಕಟ್ಲರ್ ಅದರ ರುಚಿ ಹಿಡಿಸಲಿಲ್ಲವೆಂದು ದಿನಚರಿಯಲ್ಲಿ ಬರೆದುಕೊಂಡರು. ಜೊತೆಗೆ ಕಡುಬಿನ ಒಳಗಿದ್ದದ್ದು ಈರುಳ್ಳಿ ಎಂದೇ ತಾವು ಭಾವಿಸಿದ್ದಾಗಿಯೂ, ಅಲ್ಲ, ಅದು ಹಿಟ್ಟು ಬೆಣ್ಣೆಗಳಿಂದ ಮಾಡಿದ್ದು ಎಂದು ಜೆಫರ್ಸನ್‌ರ ಕಾರ್ಯದರ್ಶಿ ಲೂಯಿಸ್ ತಿದ್ದಿದ್ದಾಗಿಯೂ ಬರೆದರು. ಕಟ್ಲರ್ ಸಾಮಾನ್ಯರಲ್ಲ, ನ್ಯೂ ಇಂಗ್ಲೆಂಡಿನ ಸಸ್ಯಗಳನ್ನು ವರ್ಗೀಕರಿಸಿದ ಆರಂಭದ ಸಸ್ಯಶಾಸ್ತ್ರಜ್ಞರಲ್ಲಿ ಒಬ್ಬರು. ಅಂದರೆ ಮ್ಯಾಕರೋನಿಯನ್ನು ಮೊದಲು ತರಕಾರಿ ಎಂದು ಗುರುತಿಸಿದ್ದು ಹೋಟೆಲಿನವನಲ್ಲ, ಸಾಕ್ಷಾತ್ ಸಸ್ಯಶಾಸ್ತ್ರ. ಬಾಯಿಗಿಟ್ಟ ಮೇಲೂ ಅವರ ಗುರುತು ಬದಲಾಗಲಿಲ್ಲ. ಈ ಖಾದ್ಯಕ್ಕೆ ಜೆಫರ್ಸನ್ ಹೆಸರು ಅಂಟಿಸುವ ಅಭ್ಯಾಸ ಅಮೆರಿಕದಲ್ಲಿದೆ. ಆದರೆ ಪ್ಯಾರಿಸ್ಸಿಗೆ ಹೋಗಿ ಫ್ರೆಂಚ್ ಅಡುಗೆ ಕಲಿತು ಆ ಮನೆಯ ಒಲೆಗೆ ತಂದವರು ಜೆಫರ್ಸನ್ ಗುಲಾಮರಾಗಿಟ್ಟುಕೊಂಡಿದ್ದ ಜೇಮ್ಸ್ ಹೆಮಿಂಗ್ಸ್. ಅವರಿಗೆ ಬಿಡುಗಡೆ ಸಿಕ್ಕಿದ್ದು 1796ರಲ್ಲಿ. ಬೇಯಿಸಿದವರ ಹೆಸರನ್ನೇ ಮರೆತ ಚರಿತ್ರೆಗೆ ಬೆಂದದ್ದರ ಜಾತಿ ಕೇಳುವ ಹಕ್ಕಿಲ್ಲ.

ಇನ್ನು ಉಪಮಾನ. ಗೋಧಿಯನ್ನು ತರಕಾರಿ ಎಂದ ಅಮೆರಿಕನ್ನರನ್ನು ಕಂಡು ನಗುವ ಕನ್ನಡಿಗರು ಶನಿವಾರ ರಾತ್ರಿಯ ಒಪ್ಪತ್ತನ್ನು ಜ್ಞಾಪಿಸಿಕೊಳ್ಳಬೇಕು. ‘ಊಟ ಇಲ್ಲ, ಬರೀ ಫಲಾಹಾರ’ ಎಂದು ಹೇಳಿ ಎಲೆಯ ಮುಂದೆ ಕುಳಿತವರಿಗೆ ಬರುವುದು ಬಾಳೆಹಣ್ಣೂ ಅಲ್ಲ, ದಾಳಿಂಬೆಯೂ ಅಲ್ಲ. ತುಪ್ಪ ಸುರಿದ ಉಪ್ಪಿಟ್ಟು. ರವೆ ಯಾವ ಮರದ ಫಲವೆಂದು ಇದುವರೆಗೆ ಯಾವ ಸೊಸೆಯೂ ಅತ್ತೆಯನ್ನು ಕೇಳಿಲ್ಲ. ಅದೇ ಗೋಧಿ ನಮ್ಮಲ್ಲಿ ಹಣ್ಣಾಗಬಹುದಾದರೆ ಟೆನೆಸಿಯಲ್ಲಿ ತರಕಾರಿಯಾಗಲು ಅಡ್ಡಿಯೇನು?

ಪ್ರತಿವಾದಿಗಳು ಈಗ ಅತಿವ್ಯಾಪ್ತಿ ದೋಷ ಹೇಳುತ್ತಾರೆ: ಜಾಗ ಹಿಡಿದದ್ದೆಲ್ಲ ತರಕಾರಿಯಾದರೆ ಕೆಚಪ್ಪೂ ತರಕಾರಿಯಾಗಬೇಕಲ್ಲ? ಈ ಪ್ರಯೋಗ ಆಗಿಹೋಗಿದೆ. 1981ರಲ್ಲಿ ರೇಗನ್ ಸರ್ಕಾರದ ಕೃಷಿ ಇಲಾಖೆ ಶಾಲಾ ಊಟದ ಖರ್ಚು ತಗ್ಗಿಸಲು ಹೊರಡಿಸಿದ ಕರಡು ನಿಯಮದಲ್ಲಿ ಕೆಚಪ್ಪನ್ನೂ ತರಕಾರಿಯ ಲೆಕ್ಕಕ್ಕೆ ಹಿಡಿಯಬಹುದಾದ ದಾರಿ ಕಂಡಿತು. ದೇಶವೆಲ್ಲ ಆಡಿಕೊಂಡು ನಕ್ಕಿತು, ಕರಡು ವಾಪಸಾಯಿತು. ವ್ಯತ್ಯಾಸ ಸ್ಪಷ್ಟ: ಸರ್ಕಾರ ಮೇಲಿನಿಂದ ಹೇರಿದ ತರಕಾರಿತ್ವಕ್ಕೆ ಜನ ನಕ್ಕರು, ಹೋಟೆಲಿನವರು ಚಮಚದಿಂದ ಬಡಿಸಿದ್ದಕ್ಕೆ ತಟ್ಟೆ ಒಡ್ಡಿದರು. ಎರಡನೆಯ ಆಕ್ಷೇಪ, ರಾಜ್ಯಗಳಲ್ಲೇ ಒಮ್ಮತವಿಲ್ಲ ಎಂಬುದು. ನಿಜ. ಸುಪ್ರೀಂ ಕೋರ್ಟು ತರಕಾರಿ ಎಂದ ಟೊಮೆಟೊವನ್ನು ಟೆನೆಸಿ 2003ರಲ್ಲಿ ರಾಜ್ಯದ ಹಣ್ಣೆಂದು ಸಾರಿತು. ಓಕ್ಲಹೋಮ 2007ರಲ್ಲಿ ಕಲ್ಲಂಗಡಿಯನ್ನು ರಾಜ್ಯದ ತರಕಾರಿ ಮಾಡಿತು. ಅರ್ಕನ್ಸಾ 1987ರಲ್ಲೇ ತನ್ನ ಗುಲಾಬಿ ಟೊಮೆಟೊ ಹಣ್ಣೂ ಹೌದು, ತರಕಾರಿಯೂ ಹೌದು ಎಂದು ಕಾನೂನು ಬರೆದು, ಶ್ರವಣಬೆಳಗೊಳದ ಹೆಸರು ಕೇಳದೆಯೇ ಸ್ಯಾದ್ವಾದವನ್ನು ಅಂಗೀಕರಿಸಿತು. ಇಷ್ಟೆಲ್ಲ ಹಣ್ಣು ತರಕಾರಿಗಳ ನಡುವೆಯೇ ಗಡಿ ನಿಲ್ಲದಿರುವಾಗ, ಮ್ಯಾಕರೋನಿ ಒಂದಕ್ಕೆ ಪಾಸ್‌ಪೋರ್ಟ್ ಕೇಳುವುದು ಅನ್ಯಾಯ.

ಕೊನೆಯ ಆಕ್ಷೇಪ ಶುದ್ಧ ಸಸ್ಯಾಹಾರಿಗಳದು, ಅದನ್ನು ಎದುರಿಸುವಾಗಲೇ ನಮ್ಮ ಸಿದ್ಧಾಂತ ಪೂರ್ಣವಾಗುವುದು. ಅಟ್ಲಾಂಟಾ, ಶಾರ್ಲೆಟ್ ಕಡೆ ನೆಲೆಸಿದ ನಮ್ಮ ಸಾಫ್ಟ್‌ವೇರ್ ಸಸ್ಯಾಹಾರಿ ಮಾಂಸ ಬಿಟ್ಟು ನಾಲ್ಕು ತರಕಾರಿಯ ತಟ್ಟೆ ಕೇಳಬಹುದು. ಅದಕ್ಕೂ ಅಲ್ಲಿ ವ್ಯವಸ್ಥೆ ಇದೆ. ಆದರೆ ಸಂಪ್ರದಾಯದ ಪ್ರಕಾರ ಸೊಪ್ಪು ಬೇಯುವುದು ಹೊಗೆ ಹಾಕಿದ ಹಂದಿಯ ಕಾಲಿನ ಗೆಣ್ಣಿನ ಜೊತೆ. ಹುರುಳಿಕಾಯಿಗೆ ಬೇಕನ್ ಕೊಬ್ಬು, ಅಲಸಂದೆಗೆ ಉಪ್ಪುಹಂದಿಯ ತುಂಡು, ಜೋಳದ ಬ್ರೆಡ್ಡಿನ ಬಾಣಲೆಗೂ ಅದೇ ಕೊಬ್ಬು. ಸೊಪ್ಪು ಬೆಂದ ರಸಕ್ಕೆ ‘ಪಾಟ್‌ಲಿಕರ್’ ಎಂದು ಹೆಸರು. ಲೂಸಿಯಾನದ ಸೆನೆಟರ್ ಹ್ಯೂಯಿ ಲಾಂಗ್ 1935ರಲ್ಲಿ ಮಸೂದೆಯೊಂದನ್ನು ತಡೆಯಲು ಹದಿನೈದು ಗಂಟೆಗೂ ಮೀರಿ ಮಾತಾಡಿದಾಗ ಅದರ ಪಾಕವನ್ನೂ ಸೆನೆಟ್ಟಿಗೆ ವಿವರಿಸಿದ್ದರು. ಹೀಗೆ ಹಸಿರಾಗಿ ಕಾಣುವುದರಲ್ಲೆಲ್ಲ ಹಂದಿ ಅಡಗಿರುವಾಗ, ಸಾಮಾನ್ಯವಾಗಿ ಹಂದಿ ಮುಟ್ಟದೆ ಉಳಿಯುವುದು ಮ್ಯಾಕರೋನಿ. ಆದಕಾರಣ ಮ್ಯಾಕರೋನಿ ತರಕಾರಿ ಎಂಬುದು ಸಾಲದು. ಆ ಪಟ್ಟಿಯಲ್ಲಿ ನಂಬಬಹುದಾದ ತರಕಾರಿ ಅದೊಂದೇ. ಗಿಣ್ಣು ಹೆಪ್ಪುಗಟ್ಟಲು ಬಳಸುವ ರೆನೆಟ್ ಕರುವಿನ ಹೊಟ್ಟೆಯದೋ, ಕಾರ್ಖಾನೆಯದೋ ಎಂಬ ಸೂಕ್ಷ್ಮ ಪ್ರಶ್ನೆ ಉಳಿಯುತ್ತದೆ ನಿಜ. ಆದರೆ ಚಮಚ ಹಿಡಿದಾಕೆ ಕಾಯುತ್ತಿರುವಾಗ, ಸಾಲು ಬಾಗಿಲು ದಾಟಿರುವಾಗ, ಮೂಲೆಯ ಹಕ್ಕಳೆ ಒಂದೇ ಒಂದು ಉಳಿದಿರುವಾಗ ಅದನ್ನು ಎತ್ತಬಾರದೆಂಬುದು ಈ ಶಾಸ್ತ್ರದ ಕಟ್ಟಪ್ಪಣೆ.