ಕಾನ್ಫಿಗ್ ಅಣ್ಣ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಯಾವ ಹುಡುಗ ಗೇಮಿಂಗ್ ಕಂಪ್ಯೂಟರ್ ಕಟ್ಟಿಸಲು ಹೊರಟರೂ ಮೊದಲು ಹೋಗುವುದು ಅಂಗಡಿಗಲ್ಲ, ಕಾನ್ಫಿಗ್ ಅಣ್ಣನ ಹತ್ತಿರ. ಅಣ್ಣ ಡಿಪ್ಲೊಮಾ ಮುಗಿಸಿರಬಹುದು, ಅರ್ಧಕ್ಕೇ ಬಿಟ್ಟಿರಬಹುದು. ಬಜೆಟ್ ಎಷ್ಟೆಂದು ಹೇಳಿದ ಮರುಗಳಿಗೆಗೆ ವಾಟ್ಸಾಪಿನಲ್ಲಿ ಪಟ್ಟಿ ಇಳಿಸುವ ವಿದ್ಯೆಯಲ್ಲಿ ಮಾತ್ರ ಅವನನ್ನು ಮೀರಿಸುವವರಿಲ್ಲ. ಪಟ್ಟಿಯ ನೆತ್ತಿಯ ಮೇಲೆ ಗ್ರಾಫಿಕ್ಸ್ ಕಾರ್ಡು, ಅದರ ಕೆಳಗೆ ಪ್ರೊಸೆಸರ್, ರ‍್ಯಾಮ್, ಗಾಜಿನ ಬಾಗಿಲಿನ ಕ್ಯಾಬಿನೆಟ್, ಬಣ್ಣ ಬದಲಿಸುವ ಆರ್‌ಜಿಬಿ ಫ್ಯಾನುಗಳು. ಬಿಟ್ಟರೆ ಮಧುಗಿರಿಯ ಏಕಶಿಲಾ ಬೆಟ್ಟಕ್ಕೂ ಒಂದು ಸುತ್ತು ಎಲ್‌ಇಡಿ ಕಟ್ಟಿಸುವ ಆಸಾಮಿ. ಕಟ್ಟಕಡೆಯ ಸಾಲಿನಲ್ಲಿ, ಉಳಿದ ಚಿಲ್ಲರೆಗೆ ತಕ್ಕ ಹಾಗೆ, 'ಎಸ್‌ಎಂಪಿಎಸ್: ಯಾವ್ದಾದ್ರೂ 450 ವಾಟ್' ಎಂದಿರುತ್ತದೆ. ಎಸ್‌ಎಂಪಿಎಸ್ ಎಂದರೆ ಇಡೀ ಯಂತ್ರಕ್ಕೆ ಕರೆಂಟು ಹಂಚುವ ಡಬ್ಬಿ. ನನ್ನ ತಕರಾರೆಲ್ಲ ಈ 'ಯಾವ್ದಾದ್ರೂ' ಮೇಲೆ.

ಲೆಕ್ಕ ಕಷ್ಟದ್ದೇನಲ್ಲ, ಅಣ್ಣನಿಗೆ ಬಾರದ್ದೂ ಅಲ್ಲ. ಆರ್‌ಟಿಎಕ್ಸ್ 3060 ಕಾರ್ಡು 170 ವಾಟ್ ಎಳೆಯುತ್ತದೆ. ರೈಜನ್ 5 5600 ಪ್ರೊಸೆಸರ್ ಗರಿಷ್ಠ 76 ವಾಟ್. ಮದರ್‌ಬೋರ್ಡು, ಡಿಸ್ಕು, ಫ್ಯಾನು ಎಲ್ಲ ಸೇರಿಸಿದರೆ ಒಟ್ಟು 300ರ ಆಸುಪಾಸು. 'ನೋಡಣ್ಣ, 450 ಇದೆ, ಇನ್ನೂ 150 ಉಳೀತು' ಎಂದು ಅಣ್ಣ ಇಲ್ಲಿಗೇ ಪೆನ್ನು ಮುಚ್ಚುತ್ತಾನೆ. ಆದರೆ ಕಾರ್ಡಿನ ಚಿಪ್ ರೂಪಿಸಿದ ಎನ್‌ವಿಡಿಯಾದವರೇ ಇದಕ್ಕೆ 550 ವಾಟ್ ಬೇಕೆಂದು ಬರೆದಿದ್ದಾರೆ. ಕಾರ್ಡು ಎಳೆಯುವ ಕರೆಂಟು ಒಂದೇ ಸಮ ಇರುವುದಿಲ್ಲ, ಕ್ಷಣದ ಸಣ್ಣ ತುಣುಕಿನಲ್ಲಿ ಅದು ಸರಾಸರಿಯನ್ನು ಎಷ್ಟೋ ಮೀರಿ ಜಿಗಿಯುತ್ತದೆ. ಈ ಜಿಗಿತಗಳನ್ನು ತಾಳಿಕೊಳ್ಳಬೇಕೆಂದೇ 2022ರಲ್ಲಿ ಎಟಿಎಕ್ಸ್ 3.0 ಎಂಬ ಹೊಸ ನಿಯಮಾವಳಿ ಬಂತು. ಇನ್ನು ಡಬ್ಬಿಯ ಮೇಲಿನ 450 ನಿಜವೇ ಎಂಬ ಪ್ರಶ್ನೆ. ಪ್ರೊಸೆಸರ್, ಕಾರ್ಡು ಎರಡೂ ಉಣ್ಣುವುದು 12 ವೋಲ್ಟಿನ ಸಾಲಿನಿಂದ. ಡಬ್ಬಿಯ ಪಕ್ಕದ ಚೀಟಿಯಲ್ಲಿ ಆ ಸಾಲಿನ ಮುಂದೆ 18 ಆಂಪಿಯರ್ ಎಂದಿದ್ದರೆ, 12ರಿಂದ ಗುಣಿಸಿದಾಗ ಸಿಗುವುದು 216 ವಾಟ್. ಉಳಿದದ್ದು ಗೇಮಿಗೆ ಉಪಯೋಗಕ್ಕೆ ಬಾರದ ಸಾಲುಗಳಲ್ಲೋ ಮುದ್ರಕನ ಔದಾರ್ಯದಲ್ಲೋ ಇರುತ್ತದೆ. ಗೇಮಿನಲ್ಲಿ ಕೊನೆಯ ಶತ್ರು ಎದುರಾದ ಗಳಿಗೆಗೇ ಪರದೆ ಕಪ್ಪಾಗಿ ಯಂತ್ರ ತಾನಾಗಿ ರೀಸ್ಟಾರ್ಟ್ ಆಗುವುದು ಶತ್ರುವಿನ ಪ್ರತಾಪದಿಂದಲ್ಲ. ಪಾವಗಡದ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕು ಹರಡಿಕೊಂಡಿದೆ. ಅದೇ ತಾಲ್ಲೂಕಿನ ಒಂದು ಕ್ಯಾಬಿನೆಟ್ಟಿನೊಳಗೆ ನೆಟ್ಟಗೆ 300 ವಾಟ್ ಹುಟ್ಟುವುದಿಲ್ಲ!

ವಿಚಿತ್ರವೆಂದರೆ ಈ ತಿಳಿವಳಿಕೆ ಅಣ್ಣನ ಮನೆಯಲ್ಲೇ ಇದೆ. ಬೋರ್‌ವೆಲ್ಲಿನ ಈ ಬರಸೀಮೆಯಲ್ಲಿ ಅವನ ಅಪ್ಪ ಮೋಟರು ಇಳಿಸುವಾಗ ಎಷ್ಟು ಅಡಿಗೆ ಎಷ್ಟು ಎಚ್‌ಪಿ ಎಂದು ಕೇಳುತ್ತಾನೆ, ಕೇಬಲ್ಲಿನ ದಪ್ಪವನ್ನು ಬೆರಳಲ್ಲಿ ಹೊಸಕಿ ನೋಡುತ್ತಾನೆ, ಸ್ಟಾರ್ಟರಿನಲ್ಲಿ ಮಾತ್ರ ಚೌಕಾಸಿ ಮಾಡುವುದಿಲ್ಲ. ಸ್ಟಾರ್ಟರು ಕೈಕೊಟ್ಟರೆ ನೂರಾರು ಅಡಿ ಆಳದ ಮೋಟರು ಸುಡುತ್ತದೆಂದು ಅವನಿಗೆ ಗೊತ್ತು. ಮಗನ ಲೋಕದಲ್ಲಿ ಎಸ್‌ಎಂಪಿಎಸ್ಸಿಗೆ ಅದೇ ಸ್ಥಾನ. ಆದರೆ ಅದು ಗಾಜಿನಾಚೆ ಕಾಣುವುದಿಲ್ಲ, ಮಿನುಗುವುದಿಲ್ಲ, ಸ್ಟೇಟಸ್ಸಿಗೆ ಹಾಕುವ ಫೋಟೋಕ್ಕೆ ಬರುವುದಿಲ್ಲ.

'ನಮ್ಮೂರ ಕರೆಂಟೇ ಸರಿಯಿಲ್ಲ, ಒಳ್ಳೆ ಎಸ್‌ಎಂಪಿಎಸ್ ಹಾಕಿ ಏನಣ್ಣ ಉಪಯೋಗ?' ಎನ್ನುವುದು ಅವನ ಪ್ರಬಲ ವಾದ. ಅದು ಅವನಿಗೇ ತಿರುಗುಬಾಣವಾಗುತ್ತದೆ. ತ್ರೀಫೇಸ್ ಬಂದು ಹಳ್ಳಿಯ ಪಂಪ್‌ಸೆಟ್ಟುಗಳೆಲ್ಲ ಒಟ್ಟಿಗೆ ಹೊರಟಾಗ ಬಲ್ಬು ಕೆಂಪಗಾಗುವ ಊರಿಗೇ 100ರಿಂದ 240 ವೋಲ್ಟಿನವರೆಗೆ ಒಗ್ಗಿಕೊಳ್ಳುವ ಒಳ್ಳೆಯ ಎಸ್‌ಎಂಪಿಎಸ್ ಹೆಚ್ಚು ಬೇಕು. ದೊಡ್ಡದು ಹಾಕಿದರೆ ಬೆಸ್ಕಾಂ ಬಿಲ್ಲು ಏರುತ್ತದೆಂಬ ಭಯಕ್ಕೂ ಆಧಾರವಿಲ್ಲ. ಯಂತ್ರ ಕೇಳುವುದು 300 ವಾಟ್ ಆದರೆ, ನೂರಕ್ಕೆ 85ರ ದಕ್ಷತೆಯ ಡಬ್ಬಿ ಗೋಡೆಯಿಂದ ಎಳೆಯುವುದು 353ರಷ್ಟು. ಡಬ್ಬಿಯ ಮೇಲೆ 550 ಎಂದಿರಲಿ, 750 ಎಂದಿರಲಿ. 'ಯುಪಿಎಸ್ ಇದೆಯಲ್ಲ' ಎನ್ನುವವರಿಗೂ ಒಂದು ಮಾತು: ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್. ಆ 353ಕ್ಕೆ ಮಾನಿಟರನ್ನೂ ಸಿಕ್ಕಿಸಿದರೆ ಅದು ಕುಯ್ಯೋ ಎನ್ನದೆ ಇನ್ನೇನು ಮಾಡೀತು? ಕೊನೆಗೆ ಉಳಿಯುವುದು, ಪಕ್ಕದ ಮನೆಯ ಹುಡುಗನದು ಹೀಗೇ ಇದ್ದೂ ಏನೂ ಆಗಿಲ್ಲ ಎಂಬ ಸಾಕ್ಷ್ಯ. ಅವನು ಇನ್ನೂ ಹಳೆಯ ಗೇಮೇ ಆಡುತ್ತಿದ್ದಾನೆಂಬುದನ್ನು ಅಣ್ಣ ಹೇಳುವುದಿಲ್ಲ.

ಇಷ್ಟೆಲ್ಲ ಹೇಳಿಯೂ ಅವನ ಮೇಲೆ ಪೂರಾ ಸಿಟ್ಟು ಮಾಡಿಕೊಳ್ಳಲು ಆಗುವುದಿಲ್ಲ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಸಿಲಿಗೆ ಅಲೆದು, ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಶಿರಾದವರೆಗೆ ತರುವವನು ಅವನೇ. ಕಮಿಷನ್ ಕೇಳಲಾರ, ಕೊಟ್ಟರೆ ಟೀ ಕುಡಿಯುತ್ತಾನೆ. ವೋಲ್ಟು ಆಂಪಿಯರು ಎಂದು ಉಪದೇಶಿಸುವ ನಮ್ಮಂಥವರ ಯಂತ್ರ ಕೆಟ್ಟಾಗಲೂ ಸ್ಕ್ರೂಡ್ರೈವರ್ ಹಿಡಿಯಲು ಅವನೇ ಬರಬೇಕು. ಅವನ ಲೆಕ್ಕಾಚಾರದ ಹಿಂದೆ ಜಿಪುಣತನವೂ ಇಲ್ಲ. ಹುಡುಗ ಕೂಡಿಟ್ಟ ದುಡ್ಡು ಇಷ್ಟೇ, ಆಸೆಯೆಲ್ಲ ಕಾರ್ಡಿನ ಮೇಲೆ. ಆ ಆಸೆಯನ್ನು ಒಂದು ಮೆಟ್ಟಿಲು ಕೆಳಗಿಳಿಸಲು ಅಣ್ಣನಿಗೆ ಮನಸ್ಸು ಬರುವುದಿಲ್ಲ. ಹಾಗಾಗಿ ಅವನನ್ನು ಕೇಳಲೇಬಾರದು ಎನ್ನುವುದು ನ್ಯಾಯವಲ್ಲ. ಪಟ್ಟಿಯನ್ನು ಕೆಳಗಿನ ಸಾಲಿನಿಂದ ಬರೆಯಲು ಹೇಳಬಹುದು, ಅವನು ಬೇಸರಪಡದೆ ಬರೆಯುತ್ತಾನೆ. ಒಟ್ಟು ಕೂಡಿಸಿ ಬಜೆಟ್ಟು ಮೀರಿದೆಯೆಂದು ಗೊತ್ತಾದಾಗ ಅವನ ಬೆರಳು ಮೊದಲು ಅಳಿಸಲು ಹೋಗುವ ಸಾಲು ಯಾವುದೆಂದು ಮಾತ್ರ ಪಕ್ಕದಲ್ಲೇ ಕೂತು ನೋಡಿಕೊಳ್ಳಬೇಕು.